ಕೊನೆಯ ಕಂಬ ಬೇಕೋ ಬೇಡವೋ?

ಮೊದಲು ಒಂದು ಲೆಕ್ಕ. ಹೊಲದ ಒಂದು ಅಂಚು 100 ಮೀಟರ್ ಉದ್ದ ಇದೆ. ಅದರುದ್ದಕ್ಕೂ ತಂತಿ ಬೇಲಿ ಹಾಕಬೇಕು, 10 ಮೀಟರಿಗೊಂದು ಕಂಬ. ಎಷ್ಟು ಕಂಬ ತರಿಸಬೇಕು?

10 ಅಂದಿರಾ? ಕಂಬ ನೆಟ್ಟು ಗೊತ್ತಿದ್ದವರು 11 ಅನ್ನುತ್ತಾರೆ. ಶುರುವಿನಲ್ಲೂ ಒಂದು ಇರಬೇಕಲ್ಲ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರೂ ಇದರಲ್ಲಿ ಎಷ್ಟು ಸಲ ಎಡವಿದ್ದಾರೆಂದರೆ, ಒಂದು ಹೆಚ್ಚು ಒಂದು ಕಡಿಮೆ ಆಗುವ ಇಂಥ ತಪ್ಪಿಗೆ ಇಂಗ್ಲಿಷಿನಲ್ಲಿ ಬೇಲಿಕಂಬದ ತಪ್ಪು ಅಂತಲೇ ಹೆಸರಿದೆ.

ಈಗ ಅಂಚು 105 ಮೀಟರ್ ಅಂದುಕೊಳ್ಳಿ. 11ನೇ ಕಂಬ 100ನೇ ಮೀಟರಿಗೆ ಬಂತು, ಇನ್ನೂ 5 ಮೀಟರ್ ಉಳೀತು. ಅಲ್ಲೊಂದು ಕಂಬ ಬೇಕೋ ಬೇಡವೋ?

ಈ ಪ್ರಶ್ನೆಯಿಂದ ನಮ್ಮ ಬಳಗದ ಒಬ್ಬರ ತಂಗಿಗೆ ಹೋದ ತಿಂಗಳು ಮೋಸವಾಯಿತು. ಅವಳು ತುಮಕೂರು ಕಡೆಯ ಹಳ್ಳಿ ಹುಡುಗಿ. 10ನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಇಂಜಿನಿಯರಿಂಗ್ 2ನೇ ವರ್ಷ. ಕಾಲೇಜಿನಲ್ಲಿ 3 ಗಂಟೆಯ ಕೋಡಿಂಗ್ ಸ್ಪರ್ಧೆ ಇಟ್ಟಿದ್ದರು. ಪ್ರಶ್ನೆ ಓದಿ ಪ್ರೋಗ್ರಾಂ ಬರೆದು ಕಳಿಸಬೇಕು. ಅದನ್ನು ನೋಡುವವರು ಮೇಷ್ಟ್ರಲ್ಲ, ಮೆಷಿನ್ನು. ಅದು ತನ್ನ ಹತ್ತಿರ ಬಚ್ಚಿಟ್ಟ ಲೆಕ್ಕಗಳನ್ನೆಲ್ಲ ಆ ಪ್ರೋಗ್ರಾಮಿಗೆ ಕೊಟ್ಟು, ಉತ್ತರ ಹೊಂದಿದರೆ ಸರಿ, ಒಂದು ಹೊಂದದಿದ್ದರೂ ತಪ್ಪು ಅನ್ನುತ್ತದೆ. ಎಲ್ಲಿ ತಪ್ಪಿತು ಅಂತ ಹೇಳುವುದಿಲ್ಲ.

ಪ್ರಶ್ನೆ ಇಂಗ್ಲಿಷಿನಲ್ಲಿತ್ತು, ಎರಡೇ ಸಾಲು. ಬೇಲಿಯ ಉದ್ದ ಇಷ್ಟು, ಇಷ್ಟಿಷ್ಟು ಮೀಟರಿಗೊಂದು ಕಂಬ, ಒಟ್ಟು ಎಷ್ಟು? ಕೆಳಗೆ ಒಂದೇ ಉದಾಹರಣೆ: 100 ಮತ್ತು 10 ಕೊಟ್ಟರೆ 11 ಬರಬೇಕು. ಶುರುವಿನ ಕಂಬ ಲೆಕ್ಕಕ್ಕಿದೆ ಅನ್ನುವುದು ಇದರಿಂದ ಗೊತ್ತಾಯಿತು. ಕೊನೆಗೆ ಮೀಟರ್ ಉಳಿದರೆ ಏನು ಮಾಡಬೇಕು ಅನ್ನುವುದು ಗೊತ್ತಾಗಲಿಲ್ಲ.

ಅವಳಿಗೆ ಅನುಮಾನವೇ ಬರಲಿಲ್ಲ. ಅಪ್ಪನ ಜೊತೆ ಕಲ್ಲುಕಂಬ ನೆಡುವಾಗ ತಂತಿ ಹಿಡಿದುಕೊಂಡು ನಿಂತವಳು. ಕೊನೆಗೊಂದು ಕಂಬ ಇಲ್ಲದೆ ತಂತಿ ಬಿಗಿಯಲು ಆಗುತ್ತದೆಯೇ? 105ಕ್ಕೆ 12 ಬರುವ ಹಾಗೆ ಬರೆದು ಕಳಿಸಿದಳು. ತಪ್ಪು ಅಂತ ಬಂತು.

ಸಂಖ್ಯೆ ತೀರಾ ದೊಡ್ಡದಿದ್ದು ಹಿಡಿಸುತ್ತಿಲ್ಲವೇನೋ ಅಂತ ಅದನ್ನು ಬದಲಾಯಿಸಿದಳು. ತಪ್ಪು. ಸಂಖ್ಯೆ ಓದಿಕೊಳ್ಳುವ ಸಾಲು ತಿದ್ದಿದಳು. ತಪ್ಪು. ಸಂಘಟಕರಿಗೆ ಪರದೆಯ ಮೇಲೇ ಒಂದು ಪ್ರಶ್ನೆ ಕಳಿಸಿದಳು: ಕೊನೆಯಲ್ಲಿ ಉಳಿದ ಜಾಗಕ್ಕೆ ಕಂಬ ಇದೆಯಾ? ಉತ್ತರ ಬಂತು: ‘ಪ್ರಶ್ನೆಯನ್ನು ಇನ್ನೊಮ್ಮೆ ಸರಿಯಾಗಿ ಓದಿ.’

4ನೇ ಸಲ, ಬೇರೆ ದಾರಿ ಕಾಣದೆ, ಕೊನೆಯ ಕಂಬ ಕಿತ್ತು ಹಾಕಿದಳು. 105ಕ್ಕೆ 11. ಸರಿ ಅಂತ ಬಂತು!

ಆದರೆ ಇಂಥ ಸ್ಪರ್ಧೆಗಳಲ್ಲಿ ದಂಡ ಇರುತ್ತದೆ. ಐಸಿಪಿಸಿ ಅಂತ ಕಾಲೇಜು ಹುಡುಗರ ಅಂತರರಾಷ್ಟ್ರೀಯ ಸ್ಪರ್ಧೆಯೊಂದಿದೆ. ಅದರ ನಿಯಮದಂತೆ, ಬಿಡಿಸಿದ ಪ್ರಶ್ನೆಗೆ ಮೊದಲು ಎಷ್ಟು ತಪ್ಪು ಉತ್ತರ ಕಳಿಸಿದ್ದಿರೋ ಅಷ್ಟಕ್ಕೂ 20 ನಿಮಿಷದಂತೆ ನಿಮ್ಮ ಸಮಯಕ್ಕೆ ಸೇರಿಸುತ್ತಾರೆ. ಈ ಕಾಲೇಜೂ ಅದನ್ನೇ ಹಿಡಿದಿತ್ತು. 3 ತಪ್ಪಿಗೆ 60 ನಿಮಿಷ. ಮುಂದಿನ ಹಂತಕ್ಕೆ ಆರಿಸಿದವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

ಮನೆಗೆ ಬಂದು ಅವಳು ಹೇಳಿದ್ದು ಒಂದೇ ಮಾತು: ‘ನನ್ನ ಇಂಗ್ಲಿಷ್ ಸರಿ ಇಲ್ಲ ಕಣಣ್ಣ.’

ನಾವು ಬರೆಯಲು ಕೂತದ್ದು ಆ ಮಾತಿಗಾಗಿ. ಪ್ರಶ್ನೆಯನ್ನು ನಾವೂ ಓದಿದೆವು, ಇಂಗ್ಲಿಷ್ ಚೆನ್ನಾಗಿ ಬಲ್ಲ ಇಬ್ಬರಿಗೂ ತೋರಿಸಿದೆವು. ಒಬ್ಬರು 11 ಅಂದರು, ಒಬ್ಬರು 12. ಅವಳ ಅಪ್ಪನನ್ನು ಕೇಳಿದರೆ, ‘ಕೊನೇಲಿ ಕಂಬ ಇಲ್ದೆ ತಂತಿ ಯಾವುದಕ್ಕೆ ಬಿಗೀತಾರಂತೆ, ಅವರ ತಲೆಗಾ?’ ಅಂದರು. ಮಸುಕಾಗಿದ್ದದ್ದು ಪ್ರಶ್ನೆ. ಪೇಟೆಯ ಹುಡುಗನಾಗಿದ್ದರೆ ಪ್ರಶ್ನೆ ಸರಿ ಇಲ್ಲ ಅಂತ ಜಗಳ ತೆಗೆಯುತ್ತಿದ್ದನೇನೋ. ಹಳ್ಳಿಯಿಂದ ಹೋದ ಮಕ್ಕಳು ಅರ್ಥವಾಗದ್ದನ್ನೆಲ್ಲ ತಮ್ಮ ತಪ್ಪಿನ ಖಾತೆಗೇ ಬರೆದುಕೊಳ್ಳುತ್ತಾರೆ.

ಬಿಡಿಸಿ ಬರೆಯುವುದು ಕಷ್ಟ ಅನ್ನುವುದು ನಮಗೂ ಗೊತ್ತು. ನಮ್ಮದೇ ಸುದ್ದಿಯೊಂದರಲ್ಲಿ ‘ಊರಿಗೆ 3 ದಿನಕ್ಕೊಮ್ಮೆ ನೀರು’ ಅಂತ ಬರೆದಿದ್ದೆವು. ಸೋಮವಾರ ಬಿಟ್ಟರೆ ಮುಂದಿನದು ಬುಧವಾರವೋ ಗುರುವಾರವೋ ಅಂತ ಫೋನ್ ಮೇಲೆ ಫೋನ್ ಬಂತು. ಅದೂ ಬೇಲಿಕಂಬದ ತಪ್ಪೇ. ಮಾರನೇ ದಿನ ತಿದ್ದಿದೆವು.

ಹೇಗೆ ಬರೆಯಬೇಕು ಅನ್ನುವುದಕ್ಕೆ ಒಂದು ಒಳ್ಳೆಯ ಮಾದರಿ ಇದೆ. ರಷ್ಯಾದಲ್ಲಿ ಹುಟ್ಟಿದ ಕೋಡ್‌ಫೋರ್ಸಸ್ ಅನ್ನುವ ತಾಣದಲ್ಲಿ ಹೊಸಬರು ಸಾಮಾನ್ಯವಾಗಿ ಮೊದಲು ಬಿಡಿಸುವುದು ಕಲ್ಲಂಗಡಿ ಲೆಕ್ಕ. ಇಬ್ಬರು ಗೆಳೆಯರು ಒಂದು ಕಲ್ಲಂಗಡಿಯನ್ನು ಎರಡು ಭಾಗ ಮಾಡಬೇಕು. ಎರಡರ ತೂಕವೂ ಸಮಸಂಖ್ಯೆಯ ಕಿಲೋ ಆಗಬೇಕು. ಆಗುತ್ತದೋ ಇಲ್ಲವೋ? 8 ಕಿಲೋ ಆದರೆ ಆಗುತ್ತದೆ, 7 ಆದರೆ ಇಲ್ಲ. 2 ಕಿಲೋ ಇದ್ದರೆ? ಒಬ್ಬನಿಗೆ 2, ಇನ್ನೊಬ್ಬನಿಗೆ ಸೊನ್ನೆ ಅನ್ನಬಹುದು, ಸೊನ್ನೆಯೂ ಸಮಸಂಖ್ಯೆಯೇ. ಆ ಕಿಂಡಿಯನ್ನು ಪ್ರಶ್ನೆಯಲ್ಲೇ ಮುಚ್ಚಿದ್ದಾರೆ: ಇಬ್ಬರಿಗೂ ಸ್ವಲ್ಪವಾದರೂ ಸಿಗಲೇಬೇಕು. ಎರಡು ಭಾಗ ಸಮನಾಗಿರಬೇಕಿಲ್ಲ ಅಂತಲೂ ಹೇಳಿದ್ದಾರೆ. ಎರಡು ಮಾತು ಹೆಚ್ಚಿಗೆ, ಅಷ್ಟೇ ಖರ್ಚು.

ಶಾಲಾ ಮಕ್ಕಳಿಗೆ 1989ರಿಂದ ನಡೆಯುತ್ತಿರುವ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಪ್ರಶ್ನೆಗಳನ್ನು ಆಯಾ ದೇಶದ ತಂಡದ ಮುಖ್ಯಸ್ಥರು ತಮ್ಮ ಮಕ್ಕಳ ಭಾಷೆಗೆ ಅನುವಾದಿಸಿ ಕೊಡಬಹುದು. ಸ್ಪರ್ಧೆಯ ನಡುವೆ ಮಕ್ಕಳು ಅನುಮಾನ ಕೇಳಬಹುದು, ಹೌದು ಅಥವಾ ಇಲ್ಲ ಅಂತ ಉತ್ತರ ಪಡೆಯಬಹುದು. ನಮ್ಮ ದೇಶದ ಕೋಡ್‌ಶೆಫ್ ಕೂಡ ತನ್ನ ಎಷ್ಟೋ ಪ್ರಶ್ನೆಗಳನ್ನು ಹಿಂದಿ, ಬಂಗಾಳಿ, ರಷ್ಯನ್, ಚೀನಿ, ವಿಯೆಟ್ನಾಮಿ ಭಾಷೆಗಳಲ್ಲಿ ಕೊಟ್ಟಿದೆ. ಕರ್ನಾಟಕದ ಕಾಲೇಜೊಂದು ತನ್ನ ಸ್ಪರ್ಧೆಯ ಪ್ರಶ್ನೆಯನ್ನು ಕನ್ನಡದಲ್ಲೂ ಒಂದು ಪುಟ ಕೊಟ್ಟರೆ ಏನು ಹೋಗುತ್ತದೆ? ಕನ್ನಡಕ್ಕೆ ತರಲು ಕೂತಿದ್ದರೆ ಆ ಕೊನೆಯ ಕಂಬ ಅವರಿಗೂ ಕಾಣುತ್ತಿತ್ತು ಅನ್ನುವುದು ನಮ್ಮ ಅನಿಸಿಕೆ.

ಕೆಲಸಕ್ಕೆ ಸೇರಿದ ಮೇಲೆ ಗಿರಾಕಿಗಳೂ ಅರ್ಧಂಬರ್ಧವೇ ಹೇಳುತ್ತಾರೆ, ಇದೂ ಒಂದು ತರಬೇತಿ ಅಂತ ಸಾಫ್ಟ್‌ವೇರಿನಲ್ಲಿರುವ ಗೆಳೆಯರೊಬ್ಬರು ವಾದಿಸಿದರು. ಇರಬಹುದು. ಆದರೆ ಗಿರಾಕಿಗೆ 10 ಸಲ ಫೋನ್ ಮಾಡಿ ಕೇಳಬಹುದು. ಇಲ್ಲಿ ಅವಳು ಕೇಳಬೇಕಾದ್ದನ್ನೇ ಕೇಳಿದಳು, ಬಾಯಿ ಮುಚ್ಚಿಸಿದರು.

ಕಾಲೇಜಿಗೆ ಕಾಗದ ಬರೆದಿದ್ದೇವೆ. ಆ ಪ್ರಶ್ನೆಯ ದಂಡ ತೆಗೆದು ಪಟ್ಟಿ ಮತ್ತೆ ಮಾಡಿ, ಮುಂದಿನ ಸಲ ಪ್ರಶ್ನೆ ಬರೆದವರಲ್ಲದ ಇನ್ನೊಬ್ಬರು ಮೊದಲೇ ಕೂತು ಬಿಡಿಸಿ ನೋಡಲಿ ಅಂತ ಕೇಳಿದ್ದೇವೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಮುಂದಿನ ಸ್ಪರ್ಧೆಗೆ ಹೆಸರು ಕೊಡಲು ಶನಿವಾರ ಕೊನೆಯ ದಿನ. ಬೇಡವೇ ಬೇಡ ಅನ್ನುತ್ತಿದ್ದವಳು ನಿನ್ನೆ ಕೊಟ್ಟು ಬಂದಿದ್ದಾಳೆ.