ಹದಿನಾರು ಫೋಟೋ ಸಾಕ್ರಿ

ಪ್ರವಾಸಕ್ಕ ರೀಲಿನ ಕ್ಯಾಮೆರಾ ಒಯ್ಯೋದು ದುಂದು ಅಂತಾರ ಮಂದಿ. ನಾ ಒಪ್ಪಂಗಿಲ್ರಿ. ನಮ್ಮನಿಯವರ ಹತ್ರ ಇರೋದು ಫ್ಯೂಜಿ ಜಿಎ645, 1995ರಾಗ ಬಂದ ಮಾದರಿ. ಹೆಗಲಚೀಲದಾಗ ಕೂಡತದ. 120 ರೀಲಿಗೆ 16 ಫೋಟೋ, ಅಷ್ಟ. ಆದ್ರ ಅದರ ನೆಗೆಟಿವ್ 35 ಎಂಎಂ ರೀಲಿಂದಕ್ಕಿಂತ ಎರಡೂವರಿ ಪಟ್ಟಿಗೂ ದೊಡ್ಡದು. ಗ್ವಾಡಿಗೆ ಹಾಕೋ ಅಳತಿಗೆ ಮಾಡಿಸಿದ್ರೂ ಬಾದಾಮಿ ಬಂಡಿಗಲ್ಲಿನ ಗೆರಿ ಸುದ್ದಾ ಕಾಣತಾವ.

ಸುಮ್ನ ಹಿಡಿದ್ರ ಫೋಟೋ ಉದ್ದಕ ಬರತದ. ಅಗಸ್ತ್ಯ ತೀರ್ಥ, ಅದರ ಹಿಂದಿನ ಗುಡ್ಡದ ಸಾಲು ಎಲ್ಲಾ ಬೇಕಂದ್ರ ಕ್ಯಾಮೆರಾ ಅಡ್ಡ ತಿರುವಬೇಕು. ‘ತಗೀಲೋ, ಬ್ಯಾಡೋ’ ಅಂತ ನಿಂತು ನೋಡೋದ ಅದರ ಲಾಭ. ಫೋನಿನಾಗ ಮುನ್ನೂರು ಹೊಡದು ಒಂದೂ ತಿರುಗಿ ನೋಡದಿರೋದ ಖರೆ ದುಂದು.

ಆ ತೀರ್ಥದ ಪಾವಟಿಗಿ ಮ್ಯಾಲೆ ಕೂತ ನಮ್ಮತ್ತಿಯವರ ಫೋಟೋ ಗ್ವಾಡಿ ಮ್ಯಾಲದ. ಅತ್ತಿಯವರು ಈಗಿಲ್ಲ. ಅದಕ್ಕ ತುಟ್ಟಿ ಅನ್ನಲೇನ್ರಿ?