ಜೀವನಾಂಶ: ಆದೇಶವಿದೆ, ಹಣವೆಲ್ಲಿ?

ಬೆಂಗಳೂರು: ಬೇರೆಯಾದ ದಂಪತಿಗಳ ಜೀವನಾಂಶದ ವ್ಯಾಜ್ಯ ಚರ್ಚೆಗೆ ಬಂದಾಗಲೆಲ್ಲ ಎರಡು ಕೂಗು ಕೇಳಿಬರುತ್ತವೆ. ಪತ್ನಿಗೆ ಸಿಗುವುದು ಏನೇನೂ ಸಾಲದು ಎಂಬುದು ಒಂದು. ಪತಿಯನ್ನು ಸುಲಿಯಲಾಗುತ್ತಿದೆ ಎಂಬುದು ಇನ್ನೊಂದು. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ತಂತ್ರಾಂಶ ಉದ್ಯೋಗಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡ ನಂತರ ಎರಡನೆಯ ಕೂಗಿನ ದನಿ ಏರಿತು. ಆದರೆ ಮೊತ್ತದ ಈ ಜಗಳದಲ್ಲಿ ಮರೆಯಾಗಿರುವ ಪ್ರಶ್ನೆಯೇ ಬೇರೆ. ನ್ಯಾಯಾಲಯ ನಿಗದಿಪಡಿಸಿದ ಹಣ ಸಕಾಲದಲ್ಲಿ ಕೈಸೇರುತ್ತದೆಯೇ?

ಹಕ್ಕಿನ ಮಟ್ಟಿಗೆ ಕಾನೂನು ಸಾಕಷ್ಟು ಮುಂದೆ ಸಾಗಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಗಳ ಮಿತಿ ವಿಧಿಸಿತ್ತು. 2001ರ ತಿದ್ದುಪಡಿ ಈ ಮಿತಿಯನ್ನು ತೆಗೆದುಹಾಕಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಸಾಧ್ಯವಾದಷ್ಟೂ ಇತ್ಯರ್ಥಪಡಿಸಬೇಕೆಂದೂ ಹೇಳಿತು. 2024ರ ಜುಲೈ 1ರಿಂದ ಇದೇ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಹಿಂದೂ ವಿವಾಹ ಕಾಯ್ದೆಯಡಿಯಲ್ಲಂತೂ ಪತ್ನಿಯಷ್ಟೇ ಅಲ್ಲ, ಪತಿಯೂ ಜೀವನಾಂಶ ಕೋರಬಹುದು.

ತೊಡಕು ಆರಂಭವಾಗುವುದು ಆದಾಯದ ಲೆಕ್ಕದಲ್ಲಿ. ಪತಿಯ ನಿವ್ವಳ ಸಂಬಳದ ಶೇ 25ರಷ್ಟು ನ್ಯಾಯೋಚಿತವೆಂದು 2017ರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸಂಬಳದಾರರಿಗೆ ಈ ಅಳತೆಗೋಲು ಹೊಂದೀತು. ನಗದಿನಲ್ಲಿ ವಹಿವಾಟು ನಡೆಸುವ ವ್ಯಾಪಾರಿ, ಗುತ್ತಿಗೆದಾರರ ಗಳಿಕೆಯನ್ನು ಅಳೆಯುವುದು ಹೇಗೆ? ಗಂಡ ಆದಾಯವನ್ನು ಕುಗ್ಗಿಸಿ ಹೇಳುವುದು, ಹೆಂಡತಿ ಅಗತ್ಯವನ್ನು ಹಿಗ್ಗಿಸಿ ಹೇಳುವುದು ಈ ವ್ಯಾಜ್ಯಗಳ ಹಳೆಯ ರೋಗ. ಇದಕ್ಕೆ ಮದ್ದೆಂದೇ ರಜನೀಶ್-ನೇಹಾ ಪ್ರಕರಣದ ತೀರ್ಪು 2020ರ ನವೆಂಬರ್‌ನಲ್ಲಿ ಬಂತು. ಇಬ್ಬರೂ ಆಸ್ತಿ ಮತ್ತು ಸಾಲದ ವಿವರಗಳನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕಹಾಕಬೇಕು ಎಂದಿತು. ಮೂರು ವರ್ಷ ಕಳೆದರೂ ಕೆಳ ನ್ಯಾಯಾಲಯಗಳಲ್ಲಿ ಇದು ಪಾಲನೆಯಾಗದಿರುವುದನ್ನು ಗಮನಿಸಿದ ಸುಪ್ರೀಂ ಕೋರ್ಟ್, 2023ರ ನವೆಂಬರ್‌ನಲ್ಲಿ ಅದೇ ತೀರ್ಪಿನ ಪ್ರತಿಯನ್ನು ಮತ್ತೊಮ್ಮೆ ಎಲ್ಲೆಡೆ ಕಳುಹಿಸುವಂತೆ ಸೂಚಿಸಬೇಕಾಯಿತು.

ಆದೇಶ ಬಂದ ಮೇಲಿನ ಹಾದಿ ಇನ್ನೂ ದುರ್ಗಮ. ಹಣ ಬಾರದಿದ್ದರೆ ಪತ್ನಿ ವಸೂಲಿಗಾಗಿ ಮತ್ತೆ ಅರ್ಜಿ ಹಾಕಬೇಕು. 144ನೇ ಕಲಮಿನಡಿ ವಾರಂಟ್ ಪಡೆಯಬೇಕಾದರೆ, ಬಾಕಿ ಪಾವತಿಸಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಕೆಯಾಗಬೇಕು. ರಾಜಿಯ ಆಸೆಯಿಂದ ಕಾದು ಕುಳಿತವಳಿಗೆ ಈ ದಾರಿ ಮುಚ್ಚುತ್ತದೆ. ಪಾವತಿಸದ ಪ್ರತಿ ತಿಂಗಳ ಮೊತ್ತಕ್ಕೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಸೆರೆವಾಸದಿಂದ ಬಾಕಿ ತೀರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಸ್ಪಷ್ಟಪಡಿಸಿದೆ. ಆದರೂ ಗಂಡ ಜೈಲಿಗೆ ಹೋದ ಮಾತ್ರಕ್ಕೆ ಮಗುವಿನ ಶಾಲಾ ಶುಲ್ಕ ಕಟ್ಟಿದಂತಾಗುವುದಿಲ್ಲ.

ಮೊತ್ತ ಹೆಚ್ಚೋ ಕಡಿಮೆಯೋ ಎಂಬ ವಾದ ಮುಂದುವರಿಯಲಿ. ಅದಕ್ಕಿಂತ ಮೊದಲು ಇಬ್ಬರ ನಿಜವಾದ ಆದಾಯ ನ್ಯಾಯಾಲಯದ ಮುಂದೆ ಬರಬೇಕು, ಅರ್ಜಿ ಬೇಗ ಇತ್ಯರ್ಥವಾಗಬೇಕು. ಇದರಿಂದ ಪ್ರಾಮಾಣಿಕ ಗಂಡನಿಗೂ ನ್ಯಾಯ ಸಿಗುತ್ತದೆ. ಹೊಟ್ಟೆಪಾಡಿಗೆಂದು ಕೊಡಿಸುವ ಹಣ ವರ್ಷಗಳ ನಂತರ ಕೈಗೆ ಬಂದರೆ ಅದು ಜೀವನಾಂಶವಲ್ಲ, ಹಳೆಯ ಬಾಕಿಯಷ್ಟೇ.