ಸ್ಟಿಕ್ಕರಿನಲ್ಲಿ ಸಿಗದ ಲೆಕ್ಕ

ಪ್ಲಸ್ ಟು ಫಲಿತಾಂಶ ಬಂದು ಕಾಲೇಜು ಪ್ರವೇಶದ ಓಡಾಟ ಶುರುವಾದೊಡನೆ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯಗಳ ಮನೆಗಳಲ್ಲಿ ಒಂದು ದೊಡ್ಡ ಖರೀದಿಯ ಮಾತು ಏಳುತ್ತದೆ. ಮಗಳು ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿಗೋ ಮಂಗಳೂರಿಗೋ ಹೊರಟಿದ್ದಾಳೆ, ಲ್ಯಾಪ್‌ಟಾಪ್ ಬೇಕು. ಅಡಿಕೆ ಮಾರಿದ ಹಣವೋ ಸೊಸೈಟಿಯ ಸಾಲವೋ, ಅಂತೂ ಐವತ್ತು ಸಾವಿರದ ಆಸುಪಾಸು ಹೊಂದಿಸಿಕೊಂಡು ಹೋದವರಿಗೆ ಅಂಗಡಿಯಲ್ಲಿ ಮೊದಲು ತೋರಿಸುವುದು ಕೀಬೋರ್ಡಿನ ಪಕ್ಕ ಹೊಳೆಯುವ ಸ್ಟಿಕ್ಕರು. ಐ7 ಇದೆ, ಎಐ ಇದೆ, ಇಡೀ ದಿನ ಬ್ಯಾಟರಿ ಬರುತ್ತದೆ. ಅಲ್ಲಿಗೆ ವಿವರಣೆ ಮುಗಿಯಿತು.

ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಎಂದು ಬೇರ್ಪಡಿಸಿ ಒಂದೊಂದಕ್ಕೂ ಬೇರೆ ಧಾರಣೆ ಕೇಳಿ ಮಾರುವ ಊರಿನವರು ನಾವು. ಪ್ರೊಸೆಸರಿನ ವಿಷಯದಲ್ಲಿ ಹಳೆಯದನ್ನೂ ಹೊಸದನ್ನೂ ಒಂದೇ ಹೆಸರಿನ ಚೀಲದಲ್ಲಿ ತುಂಬಿ ಕೊಟ್ಟರೆ ಮಾತ್ರ ಸುಮ್ಮನೆ ಒಪ್ಪಿಕೊಳ್ಳುತ್ತೇವೆ.

ಎಎಂಡಿ ಕಂಪನಿಯ 2023ರ ಸಾಲನ್ನು ನೋಡಿ. ರೈಜೆನ್ 5 7520ಯು, 7530ಯು, 7540ಯು ಮೂರೂ ಅಂಗಡಿಯ ಹಲಗೆಯಲ್ಲಿ ‘ರೈಜೆನ್ 5, 7000 ಸರಣಿ’. ಗುಟ್ಟು ಇರುವುದು ಮೂರನೆಯ ಅಂಕೆಯಲ್ಲಿ. 2 ಎಂದಿದ್ದರೆ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, 3 ಎಂದರೆ ಝೆನ್ 3, 4 ಎಂದರೆ ಝೆನ್ 4. ಈ ಅಂಕೆಗಳ ಅರ್ಥವನ್ನು ಕಂಪನಿಯೇ ಪ್ರಕಟಿಸಿದೆ. ಗಿರಾಕಿಗೆ ಅದನ್ನು ಹೇಳುವವರಿಲ್ಲ. 7520ಯು ಕೆಟ್ಟ ಚಿಪ್ಪೇನಲ್ಲ, ಟೈಪಿಂಗ್, ಪಾಠದ ವಿಡಿಯೊಗಳಿಗೆ ಸಾಕು, ವಿದ್ಯುತ್ತನ್ನೂ ಕಡಿಮೆ ಕುಡಿಯುತ್ತದೆ. ಆದರೆ ಅದಕ್ಕೆ 7540ಯು ಬೆಲೆ ತೆರಬಾರದು.

ಇಂಟೆಲ್‌ನದೂ ಇದೇ ಕಥೆ. 2023ರಲ್ಲಿ ಅದು ‘ಐ’ ಅಕ್ಷರ ಕೈಬಿಟ್ಟು ಕೋರ್, ಕೋರ್ ಅಲ್ಟ್ರಾ ಎಂದು ಹೆಸರು ಬದಲಿಸಿತು. ಕೋರ್ 7 150ಯು ಮತ್ತು ಕೋರ್ ಅಲ್ಟ್ರಾ 7 155ಯು ಕಿವಿಗೆ ಅಣ್ಣತಮ್ಮಂದಿರಂತೆ ಕೇಳುತ್ತವೆ. ಮೊದಲನೆಯದು ಹಿಂದಿನ ತಲೆಮಾರಿನ ವಿನ್ಯಾಸದ ಪರಿಷ್ಕರಣೆ, ಎರಡನೆಯದು ಹೊಸ ವಿನ್ಯಾಸ. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ‘ಐ7’ ಎಂಬ ಮಂತ್ರಕ್ಕೆ ಇನ್ನೂ ಬಲವಿದೆ. 2016ರ ಐ7-7500ಯುನಲ್ಲಿ ಇರುವುದು ಎರಡೇ ಕೋರ್. ಮರುವರ್ಷ ಬಂದ ಐ5-8250ಯುನಲ್ಲಿ ನಾಲ್ಕು. ಮೇಲಾಗಿ ಮೈಕ್ರೋಸಾಫ್ಟ್‌ನ ವಿಂಡೋಸ್ 11 ಪಟ್ಟಿಯಲ್ಲಿ 7500ಯು ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಬ್ಯಾಟರಿಯ ಮಾತು ಇನ್ನೂ ಮುಖ್ಯ. ಮಳೆಗಾಲದಲ್ಲಿ ತಂತಿಯ ಮೇಲೆ ತೆಂಗಿನ ಮಡಲು ಬಿದ್ದು ಅರ್ಧ ದಿನ ಕರೆಂಟಿಲ್ಲದ ಊರು ನಮ್ಮದು. ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿಬರುವ ಮಕ್ಕಳಿಗೂ ಬ್ಯಾಟರಿಯೇ ಆಧಾರ. ಇಲ್ಲಿ ಬೇಕಾದದ್ದು ಒಂದು ಸಣ್ಣ ಭಾಗಾಕಾರ. ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಎಂಬ ಸಂಖ್ಯೆ ಇರುತ್ತದೆ. 45 ವ್ಯಾಟ್-ಅವರ್ ಬ್ಯಾಟರಿ, ಬರೆಯುವ ಓದುವ ಕೆಲಸಕ್ಕೆ ಯಂತ್ರ 6 ವ್ಯಾಟ್ ಎಳೆದರೆ ಏಳೂವರೆ ಗಂಟೆ. ವೈಫೈ ಹಾಕಿ, ಪರದೆ ಬೆಳಗಿಸಿ ಆನ್‌ಲೈನ್ ತರಗತಿಗೆ ಕೂತಾಗ 12 ವ್ಯಾಟ್ ಎಳೆದರೆ ನಾಲ್ಕು ಗಂಟೆಯೂ ಇಲ್ಲ. 40 ವ್ಯಾಟ್ ಎಳೆಯುವ ಗೇಮ್‌ಗೆ ಒಂದು ಗಂಟೆ ಚಿಲ್ಲರೆ. ಜಾಹೀರಾತಿನ ‘18 ಗಂಟೆ’ ಸಾಮಾನ್ಯವಾಗಿ ಬೆಳಕು ತಗ್ಗಿಸಿ ಒಂದೇ ವಿಡಿಯೊ ಓಡಿಸಿ ಅಳೆದದ್ದು. ಸಂಖ್ಯೆ ಸುಳ್ಳಾಗಿರಬೇಕಿಲ್ಲ, ನಮ್ಮ ದಿನ ಮಾತ್ರ ಹಾಗಿರುವುದಿಲ್ಲ. ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನೂ ಕೇಳಬೇಕು: ಯು ಎಂದರೆ ಹೆಚ್ಚಾಗಿ 15 ವ್ಯಾಟಿನ ವರ್ಗ, ಎಚ್ ಎಂದರೆ 45ರ ಆಸುಪಾಸು.

ಚಿಪ್ ಒಂದೇ ಬ್ಯಾಟರಿಯನ್ನು ನಿರ್ಧರಿಸುವುದಿಲ್ಲ ಎಂಬುದನ್ನು ಜನರಿಗೆ ಕಲಿಸಿದ್ದೂ ಒಂದು ಮಾರಾಟದ ಹೆಸರೇ. 2003ರ ಮಾರ್ಚ್‌ನಲ್ಲಿ ಇಂಟೆಲ್ ‘ಸೆಂಟ್ರಿನೊ’ ತಂದಿತು. ಪೆಂಟಿಯಂ-ಎಂ ಪ್ರೊಸೆಸರ್, ಅದರ 855 ಚಿಪ್‌ಸೆಟ್, ಇಂಟೆಲ್‌ನದೇ ವೈಫೈ, ಮೂರೂ ಕೂಡಿದರೆ ಮಾತ್ರ ಆ ಸ್ಟಿಕ್ಕರು. ವೈಫೈ ಬೇರೆ ಕಂಪನಿಯದಾದರೆ ಅದೇ ಪ್ರೊಸೆಸರ್ ಇದ್ದರೂ ಹೆಸರು ಸಿಗುತ್ತಿರಲಿಲ್ಲ. ಮೂರೂ ಸೇರಿ ಒಂದು ವೇದಿಕೆ ಎಂಬ ತಂತ್ರಜ್ಞಾನದ ಮಾತು, ವೈಫೈ ಮಾರುವ ವ್ಯಾಪಾರ ಎರಡೂ ಅದರಲ್ಲಿ ಹೆಣೆದುಕೊಂಡಿದ್ದವು. ಆದರೂ ಆ ಪೆಂಟಿಯಂ-ಎಂ ಕಡಿಮೆ ಗಿಗಾಹರ್ಟ್ಸ್‌ನಲ್ಲಿ ಪೆಂಟಿಯಂ 4-ಎಂಗೆ ಸರಿಸಾಟಿಯಾಗಿ ನಿಂತು ಬ್ಯಾಟರಿ ಉಳಿಸಿದ್ದು ನಿಜ. ಇಂಟೆಲ್‌ನ 2020ರ ‘ಇವೊ’ ಗುರುತೂ ಫುಲ್ ಎಚ್‌ಡಿ ಪರದೆಯಲ್ಲಿ ದಿನನಿತ್ಯದ ಬಳಕೆಗೆ ಕನಿಷ್ಠ ಒಂಬತ್ತು ಗಂಟೆ ಎಂಬ ಷರತ್ತು ಹಾಕಿಕೊಂಡಿತ್ತು. ಅಳತೆಗೆ ಕಟ್ಟಿಹಾಕಿದ ಹೆಸರಿಗೆ ನಾನು ಬೆಲೆ ಕೊಡುತ್ತೇನೆ. ಮೈಕ್ರೋಸಾಫ್ಟ್‌ನ 2024ರ ‘ಕೋಪೈಲಟ್ ಪ್ಲಸ್’ ಗುರುತಿಗೂ ಎಐ ಲೆಕ್ಕಕ್ಕೆಂದೇ ಇರುವ 40 ಟಾಪ್ಸ್ ವೇಗದ ಎನ್‌ಪಿಯು, 16 ಜಿಬಿ ಮೆಮೊರಿ ಎಂಬ ಕಟ್ಟುಪಾಡು ಇದೆ. ಬರಿದೇ ‘ಎಐ ಪಿಸಿ’ ಎಂದಾಗ ಆ ಬಿಗಿಯೂ ಇಲ್ಲ.

ನಮ್ಮ ರಾಜ್ಯದಲ್ಲೇ ಸರಿಯಾಗಿ ಕೊಳ್ಳುವವರ ಮಾದರಿ ಇದೆ. ಕೇರಳದ ಶಾಲೆಗಳಿಗೆ ಲ್ಯಾಪ್‌ಟಾಪ್ ಒದಗಿಸುವ ಕೈಟ್ ಎಂಬ ಸರಕಾರಿ ಸಂಸ್ಥೆ ಸ್ಟಿಕ್ಕರ್ ನೋಡಿ ಕೊಳ್ಳುವುದಿಲ್ಲ. ಏನೇನು ಬೇಕೆಂದು ಟೆಂಡರಿನಲ್ಲಿ ಬರೆಯುತ್ತದೆ. ಹೈಟೆಕ್ ಶಾಲಾ ಯೋಜನೆಯ ಉಪಕರಣಗಳಿಗೆ ಐದು ವರ್ಷದ ವಾರಂಟಿ ಪಡೆಯಿತು. ಆ ಲ್ಯಾಪ್‌ಟಾಪ್‌ಗಳ ಮೇಲೆ ಓಡುವುದು ಸ್ವತಂತ್ರ ತಂತ್ರಾಂಶ, ಕನ್ನಡವೂ ಬರುವ ಲಿನಕ್ಸ್. ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಸರಕಾರ ತನಗಾಗಿ ಮಾಡಿಕೊಳ್ಳುವ ಈ ಕೆಲಸವನ್ನು ಮನೆಗಳಿಗೂ ಮಾಡಿಕೊಡಲಿ ಎಂಬುದು ನನ್ನ ಒತ್ತಾಯ. ಒಂದೇ ಪುಟ ಸಾಕು, ಮಲಯಾಳದ ಜೊತೆ ಕನ್ನಡದಲ್ಲಿ. ಪ್ರೊಸೆಸರಿನ ಪೂರ್ತಿ ಹೆಸರು ಓದುವುದು ಹೇಗೆ, ಯಾವ ಅಂಕೆ ಯಾವ ವರ್ಷದ್ದು, ಬ್ಯಾಟರಿ ಎಷ್ಟು ವ್ಯಾಟ್-ಅವರ್ ಇದ್ದರೆ ಒಳ್ಳೆಯದು, ಬಿಲ್ಲಿನಲ್ಲಿ ಏನೇನು ಬರೆಸಿಕೊಳ್ಳಬೇಕು. ಪ್ರೌಢಶಾಲೆಗಳ ಲಿಟಲ್ ಕೈಟ್ಸ್ ಐಟಿ ಕ್ಲಬ್ಬಿನ ಮಕ್ಕಳು ಇದನ್ನು ಮನೆಮನೆಗೆ ವಿವರಿಸಬಲ್ಲರು. ಆ ಸಾಮರ್ಥ್ಯ ಅವರಿಗೆ ಖಂಡಿತ ಇದೆ.

ಇನ್ನೊಂದು ಕೆಲಸ ಕನ್ನಡ ಪತ್ರಿಕೆಗಳದ್ದು, ಜಾಹೀರಾತು ಕೊಡುವವರದ್ದು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ‘ಇಡೀ ದಿನದ ಬ್ಯಾಟರಿ’ ಎಂದು ಕನ್ನಡದಲ್ಲಿ ದಪ್ಪಕ್ಷರ ಹಾಕಿದವರು, ಯಾವ ಪರೀಕ್ಷೆಯಲ್ಲಿ ಎಂಬುದನ್ನೂ ಕನ್ನಡದಲ್ಲೇ ಹೇಳಬೇಕು. ಹೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು; ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ. ಬಿಲ್ಲಿನಲ್ಲಿ ‘ಐ5 ಲ್ಯಾಪ್‌ಟಾಪ್’ ಎಂದಷ್ಟೇ ಇದ್ದರೆ ಅಲ್ಲಿ ವಾದಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ, ಆದ್ದರಿಂದ ಹಣ ಎಣಿಸುವ ಮೊದಲೇ ಪ್ರೊಸೆಸರಿನ ಪೂರ್ತಿ ಸಂಖ್ಯೆಯನ್ನೂ ಬ್ಯಾಟರಿಯ ವ್ಯಾಟ್-ಅವರನ್ನೂ ಬರೆಸಿಕೊಳ್ಳಿ.